ಮುಕ್ತಾಯದ ಚೀಟಿ

ಜಗಲಿಯ ಅಂಚಿನಲ್ಲಿ ಒಂದು ಸ್ಟೀಲ್ ಲೋಟ. ಅದರಲ್ಲಿ ಅರ್ಧ ಕುಡಿದು ಬಿಟ್ಟ ಮಜ್ಜಿಗೆ, ಮೇಲೆ ತೇಲುವ ಒಂದು ಕರಿಬೇವಿನ ಎಲೆ. ಮೂವತ್ತೊಂದು ವರ್ಷ ಆ ಲೋಟ ನನ್ನ ಕಣ್ಣ ಮುಂದೆ ಇತ್ತು. ತಾಳಿ ಕಟ್ಟಿಸಿಕೊಳ್ಳುವಾಗ ಇತ್ತು, ಮಗಳಿಗೆ ಹೆಸರಿಡುವಾಗ ಇತ್ತು, ಗಂಡನ ತಿಥಿಯ ದಿನ ನೆಂಟರ ಎಲೆಗೆ ಅನ್ನ ಬಡಿಸುವಾಗಲೂ ಇತ್ತು. ಅದನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋದವರು ಯಾರು, ಯಾಕೆ ಹೋದರು ಎಂಬುದನ್ನು ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಕೊನೆಗೆ ಬಾಯಿ ಬಿಟ್ಟದ್ದು ಒಂದು ಕತೆಯಲ್ಲಿ, ಅದೂ ಹೆಸರು ಹಾಕದೆ.

ನಮ್ಮೂರಿನ ವಾಚನಾಲಯದ ಮಹಡಿಯಲ್ಲಿ ಹದಿನೈದು ದಿನಕ್ಕೊಮ್ಮೆ, ಭಾನುವಾರ ಮಧ್ಯಾಹ್ನ, ಕಥಾಕೂಟ ಸೇರುತ್ತಿತ್ತು. ನಡೆಸುತ್ತಿದ್ದವರು ಚನ್ನಕೇಶವ ಮೇಷ್ಟ್ರು. ಕಾಲೇಜಿನಲ್ಲಿ ಜೀವಮಾನವಿಡೀ ಸಾಹಿತ್ಯ ಪಾಠ ಹೇಳಿ ನಿವೃತ್ತರಾದವರು. ನಿವೃತ್ತಿಯಾದ ಸಂಗತಿಯನ್ನು ಅವರಿಗೆ ಇನ್ನೂ ಯಾರೂ ತಿಳಿಸಿದಂತಿರಲಿಲ್ಲ. ಅದೇ ಕೋಟು, ಅದೇ ಸೀಮೆಸುಣ್ಣದ ಡಬ್ಬಿ, ನಾವು ತಡವಾಗಿ ಹೋದರೆ ಅದೇ ಗಡಿಯಾರ ನೋಡುವ ಬಗೆ. ಬರೆಯುವ ಚಪಲವಿದ್ದ ಹತ್ತು ಹನ್ನೆರಡು ಮಂದಿ ನಾವು ಅವರ ಕೊನೆಯ ವಿದ್ಯಾರ್ಥಿಗಳು.

ಕೂಟಕ್ಕೆ ಅದರದೇ ಪದ್ಧತಿ ಇತ್ತು. ಬರೆದವರು ತಮ್ಮ ಕತೆಯನ್ನು ಹೆಸರಿಲ್ಲದೆ ಕೆಳಗಿನ ಮರದ ಪೆಟ್ಟಿಗೆಯಲ್ಲಿ ಹಾಕಿ ಹೋಗಬೇಕು. ಮೇಷ್ಟ್ರು ಅದನ್ನು ಓದುವ ಮುಂಚೆ ಒಂದು ಬಿಸ್ಕತ್ತಿನ ಡಬ್ಬಿ ಸುತ್ತು ಬರುತ್ತಿತ್ತು. ಅದರ ತುಂಬ ಮಡಚಿದ ಚೀಟಿಗಳು; ಒಂದೊಂದರಲ್ಲಿ ಒಂದೊಂದು ಪದ. ಕಥಾವಸ್ತು, ಪಾತ್ರ, ಸಂಘರ್ಷ, ಸಂಕೇತ, ಮುನ್ಸೂಚನೆ, ದೃಷ್ಟಿಕೋನ, ಮುಕ್ತಾಯ, ಹೀಗೆ. ಯಾರಿಗೆ ಯಾವುದು ಬಂತೋ ಅವರು ಅದರ ಬಗ್ಗೆ ಮಾತ್ರ ಮಾತಾಡಬೇಕು. "ಬಿಟ್ಟರೆ ನೀವೆಲ್ಲ ಕತೆ ಬಿಟ್ಟು ನಿಮ್ಮ ಸೋದರತ್ತೆಯ ವಿಷಯ ಮಾತಾಡುತ್ತೀರಿ" ಎನ್ನುತ್ತಿದ್ದರು ಮೇಷ್ಟ್ರು. ಇನ್ನೊಂದು ಕಟ್ಟುನಿಟ್ಟೂ ಇತ್ತು. ಕತೆಯಲ್ಲಿ 'ನಾನು' ಎನ್ನುವವನು ನಿರೂಪಕ. ಅವನು ಬೇರೆ, ಬರೆದವನು ಬೇರೆ. ಇವರಿಬ್ಬರನ್ನು ಒಂದು ಮಾಡಿ ಮಾತಾಡಿದವರು, ಅಥವಾ ಇದು ನನ್ನ ಕತೆ ಎಂದು ಬಾಯಿ ಜಾರಿದವರು, ಮುಂದಿನ ಸಲ ಎಲ್ಲರಿಗೂ ಕುಡಿಯುವುದಕ್ಕೆ ಏನಾದರೂ ಮಾಡಿಕೊಂಡು ಬರಬೇಕು. ಔಷಧಿ ಅಂಗಡಿಯ ಫಾಲಾಕ್ಷಯ್ಯನವರು ಹೀಗೆ ಬಾಯಿ ಜಾರಿ ಜಾರಿ ಒಂದು ಬೇಸಿಗೆಯಿಡೀ ನಮಗೆ ಪಾನಕ ಕುಡಿಸಿದ್ದರು.

ಅಲ್ಲಿಗೆ ನಾನು ಹೋಗುತ್ತಿದ್ದುದು ಮಂದಾಕಿನಿಯ ಜೊತೆ. ಮಂದಾ ನನ್ನ ಬಾಲ್ಯದ ಗೆಳತಿ. ನಮ್ಮ ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ಅವಳ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು ಬರುತ್ತಿತ್ತು. ಅವಳು ಮದುವೆಯಾಗಲಿಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿ, ಮುಖ್ಯೋಪಾಧ್ಯಾಯಿನಿಯಾಗಿ, ಹೋದ ವರ್ಷವಷ್ಟೆ ಸ್ವಯಂನಿವೃತ್ತಿ ತೆಗೆದುಕೊಂಡಿದ್ದಳು. ನಾನು ಮದುವೆಯಾದೆ, ಅದೇ ಊರಿನಲ್ಲಿ ನಾಲ್ಕು ಬೀದಿ ಆಚೆ ಸಂಸಾರ ಮಾಡಿದೆ, ಎರಡು ವರ್ಷದ ಹಿಂದೆ ಒಬ್ಬಳೇ ಆದೆ.

ಆ ಬೇಸಿಗೆಯಲ್ಲಿ ಮಂದಾ ಒಂದು ಮಾತು ಶುರು ಮಾಡಿದಳು. "ಮೇಲಿನ ಎರಡು ಕೋಣೆ ಸುಮ್ಮನೆ ಬಿದ್ದಿವೆ ಕಣೇ. ನೀನು ಅಲ್ಲೊಂದು ಒಲೆ, ನಾನು ಇಲ್ಲೊಂದು ಒಲೆ, ಎರಡು ಹಿಡಿ ಅಕ್ಕಿ ಬೇಯಿಸೋದಕ್ಕೆ. ಬಂದುಬಿಡು." ನಾನು ಆಷಾಢ ಮುಗಿಯಲಿ ಎಂದೆ. ಆಷಾಢ ಮುಗಿಯಿತು. ಮಗಳು ಬಂದು ಹೋಗಲಿ ಎಂದೆ. ಮಗಳು ಬಂದಳು, ಹೋದಳು, ಹೋಗುವಾಗ "ಮಂದಾ ಆಂಟಿ ಕರೆಯುತ್ತಿರುವಾಗ ಹೋಗುವುದಕ್ಕೆ ನಿನಗೇನು ದಾಡಿ" ಎಂದು ಬೈದು ಹೋದಳು. ದಾಡಿ ಏನೆಂದು ಅವಳಿಗೆ ಹೇಗೆ ಹೇಳಲಿ? ಯಾರ ಬಾಳನ್ನು ನಾನು ಕೆಡಿಸಿದ್ದೆನೋ ಅವಳ ಮನೆಯಲ್ಲಿ, ಅವಳ ಕೈಯ ಅನ್ನ ತಿನ್ನುತ್ತಾ, ಏನೂ ಆಗದವಳ ಹಾಗೆ ಇರುವುದು ನನ್ನಿಂದಾಗುತ್ತಿರಲಿಲ್ಲ. ಹೇಳದೆ ಹೋಗುವಂತಿಲ್ಲ. ಹೇಳಿದರೆ ಕರೆಯುವವಳೇ ಇರುವುದಿಲ್ಲ.

ಮುಖ ನೋಡಿ ಹೇಳುವ ಧೈರ್ಯವಿಲ್ಲದೆ ನಾನು ಕತೆ ಬರೆದೆ. ಮಂದಾಳನ್ನು ಹೇಮಾ ಮಾಡಿದೆ. ಅವಳನ್ನು ನೋಡಲು ಬಂದಿದ್ದ ಗುಮಾಸ್ತ ವರನನ್ನು ಡಾಕ್ಟರು ಮಾಡಿದೆ. ನಮ್ಮ ಹೆಂಚಿನ ಮನೆಗೆ ತಾರಸಿ ಹಾಕಿದೆ. ಲೋಟವನ್ನು ಮಾತ್ರ ಏನೂ ಮಾಡಲು ಬರಲಿಲ್ಲ, ಇದ್ದ ಹಾಗೇ ಇಟ್ಟೆ. ಪೆಟ್ಟಿಗೆಯ ಸೀಳಿನಲ್ಲಿ ಕಾಗದ ತೂರಿಸಿದ ಮೇಲೆ ಎರಡು ಸಲ ಹಿಂತಿರುಗಿ ಹೋಗಿ ಬೆರಳು ಹಾಕಿ ನೋಡಿದೆ. ಬೆರಳಿಗೆ ಸಿಗಲಿಲ್ಲ.

ಆ ಭಾನುವಾರ ಡಬ್ಬಿ ಸುತ್ತು ಬಂತು. ನಾನು ಚೀಟಿ ಬಿಡಿಸಿದೆ: 'ಮುಕ್ತಾಯ'. ಪಕ್ಕದಲ್ಲಿ ಕೂತಿದ್ದ ಮಂದಾ ತನ್ನ ಚೀಟಿಯನ್ನು ನನಗೆ ತೋರಿಸಿದಳು: 'ದೃಷ್ಟಿಕೋನ'. ಎದುರಿಗೆ ಫಾಲಾಕ್ಷಯ್ಯನವರು ತಮ್ಮದನ್ನು ಬಿಡಿಸಿ ಸಂತೋಷದಿಂದ ಕನ್ನಡಕ ಒರೆಸಿಕೊಂಡರು. ಅವರಿಗೆ 'ಸಂಕೇತ' ಬಂದಿತ್ತು.

ಮೇಷ್ಟ್ರು ಯಾವ ಕತೆಯನ್ನಾದರೂ ಒಂದೇ ಸ್ವರದಲ್ಲಿ ಓದುತ್ತಿದ್ದರು, ಪಕ್ಷಪಾತ ಆಗಬಾರದೆಂದು. ನನ್ನ ಮೂವತ್ತೊಂದು ವರ್ಷದ ಸಂಕಟವನ್ನೂ ಅದೇ ಸ್ವರದಲ್ಲಿ ಓದಿದರು.

ಕತೆ ಇಷ್ಟೆ. ಹೇಮಾಳನ್ನು ನೋಡಿಕೊಂಡು ಹೋಗಲು ಗಂಡಿನ ಕಡೆಯವರು ಬಂದಿದ್ದಾರೆ. ಎಲ್ಲರಿಗೂ ಒಪ್ಪಿಗೆ. ಉಳಿದವರು ಊರಿಗೆ ಮರಳಿದರೂ ಹುಡುಗನ ಸೋದರತ್ತೆ ಮಾತ್ರ ಎರಡು ದಿನ ನೆಂಟರ ಮನೆಯಲ್ಲಿ ಉಳಿಯುತ್ತಾರೆ, ಅಕ್ಕಪಕ್ಕದಲ್ಲಿ ವಿಚಾರಿಸಿಕೊಂಡು ಹೋಗಲು. ಸಂಬಂಧ ಗಟ್ಟಿ ಮಾಡುವ ಮುಂಚೆ ಹೆಣ್ಣಿನ ನೆರೆಮನೆಯಲ್ಲಿ ಕೇಳುವುದು ಅಲ್ಲಿನ ರೂಢಿ. ಮಾರನೆಯ ಮಧ್ಯಾಹ್ನ ಆ ಅತ್ತೆ ಪಕ್ಕದ ಮನೆಯ ಜಗಲಿಗೆ ಬಂದು ಕೂರುತ್ತಾರೆ. ಕೆಳಗೆ ಇರುವುದು 'ನಾನು' ಒಬ್ಬಳೇ. ಅಮ್ಮ ತಾರಸಿಯ ಮೇಲೆ ಸಂಡಿಗೆ ಹಾಕುತ್ತಿದ್ದಾಳೆ. 'ನಾನು' ಮಜ್ಜಿಗೆ ತಂದುಕೊಡುತ್ತೇನೆ. ಅತ್ತೆ ಕೇಳುತ್ತಾರೆ, "ಹೇಮಾ ಹೇಗಮ್ಮಾ? ನೀವಿಬ್ಬರೂ ಒಟ್ಟಿಗೆ ಬೆಳೆದವರಂತಲ್ಲ." 'ನಾನು' ನೆಲ ನೋಡುತ್ತೇನೆ. ಅವರು ಮತ್ತೆ ಕೇಳುತ್ತಾರೆ. "ನನ್ನನ್ನ ಕೇಳಬೇಡಿ" ಎನ್ನುತ್ತೇನೆ. ಅವರು ಲೋಟವನ್ನು ಜಗಲಿಯ ಅಂಚಿಗೆ ಇಟ್ಟು ಎದ್ದು ಹೋಗುತ್ತಾರೆ. ವಾರದಲ್ಲಿ ಸುದ್ದಿ ಬರುತ್ತದೆ, ಜಾತಕ ಮತ್ತೆ ತೋರಿಸಿದೆವು, ಕೂಡಿಬರಲಿಲ್ಲ ಎಂದು. ಹೇಮಾಳ ಅಪ್ಪ ಪಕ್ಕದ ಮನೆಯವರೊಂದಿಗೆ ಮಾತು ಬಿಡುತ್ತಾರೆ. ಆಮೇಲೆ ಹೇಮಾಳಿಗೆ ಮದುವೆಯೇ ಆಗುವುದಿಲ್ಲ.

ಯಾಕೆ ಹಾಗೆ ಮಾಡಿದೆ ಎಂಬುದನ್ನೂ ಬರೆದಿದ್ದೆ. ಅವಳು ಹೋಗಿಬಿಟ್ಟರೆ ನನಗೆ ಯಾರೂ ಇರುವುದಿಲ್ಲ ಎಂಬುದು ಒಂದು. ಅವಳಿಗೆ ಬಂದಂಥ ಗಂಡು ನನಗೆ ಬಾರದು ಎಂಬ ಹೊಟ್ಟೆಯುರಿ ಇನ್ನೊಂದು. ಮೊದಲನೆಯದನ್ನು ಮಾತ್ರ ಬರೆದು ನಿಲ್ಲಿಸಬಹುದಿತ್ತು, ಓದುವವರಿಗೆ ಕನಿಕರ ಬರುತ್ತಿತ್ತು. ಎರಡನ್ನೂ ಬರೆದೆ.

ಓದು ಮುಗಿಯಿತು. ನಾನು ಮಂದಾಳ ಕಡೆ ನೋಡಲಿಲ್ಲ. ಅವಳ ಕೈ ಮಾತ್ರ ಕಾಣುತ್ತಿತ್ತು. ಚೀಟಿಯನ್ನು ಸಣ್ಣಗೆ, ಇನ್ನೂ ಸಣ್ಣಗೆ ಮಡಚುತ್ತಿತ್ತು.

ಮೊದಲು ಎದ್ದವರು ಫಾಲಾಕ್ಷಯ್ಯ. "ಮಜ್ಜಿಗೆ ಅಂದರೇನು ಸ್ವಾಮಿ? ಹಾಲು ಹುಳಿಯಾಗಿ, ಕಡೆಸಿಕೊಂಡು, ಬೆಣ್ಣೆ ಕಳಕೊಂಡು ಉಳಿದದ್ದು. ಅದು ಹೆಣ್ಣಿನ ಬಾಳಿನ ಸಂಕೇತ. ಅರ್ಧ ಉಳೀತಲ್ಲ, ಅದು ಹೇಮಾಳ ಬಾಳು. ಇನ್ನು ಆ ಕರಿಬೇವು. ಒಂದೇ ಎಲೆ. ಒಂಟಿತನ." ಎಲ್ಲರೂ ತಲೆದೂಗಿದರು. ಆ ಎಲೆಯನ್ನು ಹಿತ್ತಲಿನ ಗಿಡದಿಂದ ನಾನು ಕಿತ್ತು ಹಾಕಿದ್ದು ವಾಸನೆಗೆ. ಅಷ್ಟು ಭಯದಲ್ಲಿಯೂ ನನಗೆ ನಗು ಬಂತು.

ಮುನ್ಸೂಚನೆಯ ಚೀಟಿ ಬಂದಿದ್ದ ರತ್ನಪ್ರಭಾ, ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಚುರುಕು ಹುಡುಗಿ, ನಡುಮನೆಯ ಗಡಿಯಾರ ನಿಂತಿತ್ತು ಎಂಬ ಒಂದು ವಾಕ್ಯವನ್ನು ಹಿಡಿದುಕೊಂಡಳು. "ಮುಂದೆ ಹೇಮಾಳ ಕಾಲವೇ ನಿಂತುಹೋಗುತ್ತದೆ ಅಂತ ಅಲ್ಲೇ ಹೇಳಿಬಿಟ್ಟಿದ್ದಾರೆ. ಬಹಳ ಸೂಕ್ಷ್ಮ." ಆ ಗಡಿಯಾರ ನಿಂತದ್ದು ಅಪ್ಪ ಕೀಲಿ ಕೊಡದೆ. ನಮ್ಮ ಮನೆಯ ಗಡಿಯಾರ ವರ್ಷದಲ್ಲಿ ಆರು ತಿಂಗಳು ನಿಂತೇ ಇರುತ್ತಿತ್ತು. ಇಷ್ಟು ಬುದ್ಧಿವಂತರ ನಡುವೆ ಕೂತು ನಾನು ಕಾಯುತ್ತಿದ್ದೆ, ಯಾರಾದರೂ ಒಬ್ಬರು ಇದು ನಡೆದದ್ದೇ ಎಂದು ಕೇಳುತ್ತಾರೇನೋ ಎಂದು. ಯಾರೂ ಕೇಳಲಿಲ್ಲ. ಹಾಗೆ ಕೇಳಬಾರದೆಂದೇ ನಾವೆಲ್ಲ ಕಲಿತಿದ್ದೆವು.

"ದೃಷ್ಟಿಕೋನ ಯಾರಿಗೆ?" ಎಂದರು ಮೇಷ್ಟ್ರು.

ಮಂದಾ ಎದ್ದಳು. ಶಾಲೆಯಲ್ಲಿ ನಿಲ್ಲುತ್ತಿದ್ದ ಹಾಗೆ ನಿಂತಳು, ಬೆನ್ನು ನೆಟ್ಟಗೆ, ಕೈ ಹಿಂದೆ ಕಟ್ಟಿಕೊಂಡು. ಈಗ ಎಲ್ಲ ಮುಗಿಯಿತು ಎಂದುಕೊಂಡೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಅವಳ ಮಹಡಿಯ ಎರಡು ಕೋಣೆಗಳು ಕಣ್ಣಿಗೆ ಕಟ್ಟಿದಂತೆ ಕಂಡವು. ಕಿಟಕಿಯ ಹತ್ತಿರ ನನ್ನ ಮಂಚ ಎಲ್ಲಿ ಹಿಡಿಸುತ್ತದೆ ಎಂದು ಒಂದು ದಿನ ಮಂದಾ ಸೀರೆಯ ಸೆರಗಿನಿಂದ ಅಳೆದು ನೋಡಿದ್ದಳು.

"ಈ ಕತೆಯ ನಿರೂಪಕಿಯನ್ನ ನಂಬೋ ಹಾಗಿಲ್ಲ" ಎಂದಳು ಮಂದಾ.

ಕೋಣೆಯಲ್ಲಿ ಒಂದಿಷ್ಟು ಗುಸುಗುಸು ಆಯಿತು.

"ಅವಳು ಸುಳ್ಳು ಹೇಳ್ತಾಳೆ ಅಂತಲ್ಲ. ತಿಳಿದಷ್ಟನ್ನ ಪ್ರಾಮಾಣಿಕವಾಗಿಯೇ ಹೇಳಿದ್ದಾಳೆ. ಆದರೆ ಇವಳು ನಿಂತಿರೋದು ಗೋಡೆಯ ಈಚೆ. ಆಚೆ ಏನಾಯ್ತು ಅಂತ ಇವಳಿಗೆ ಗೊತ್ತಿಲ್ಲ, ಗೊತ್ತಿಲ್ಲ ಅನ್ನೋದೂ ಗೊತ್ತಿಲ್ಲ. ಇಡೀ ಕತೆಯಲ್ಲಿ ಹೇಮಾ ಒಂದು ಮಾತೂ ಆಡೋದಿಲ್ಲ, ನೋಡಿದಿರಾ? ಇವಳು ಅವಳ ಬಾಳು ಹಾಳು ಮಾಡಿದೆ ಅಂತ ಅಳ್ತಾಳೆ. ಹಾಳಾಯ್ತಾ ಅಂತ ಅವಳನ್ನ ಕೇಳಿಯೇ ಇಲ್ಲ."

"ಹಾಗಾದರೆ ಹೇಮಾಳ ದೃಷ್ಟಿಕೋನದಿಂದ ಕತೆ ಹೇಗಿರಬೇಕಿತ್ತು?" ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು.

"ಹೇಳ್ತೀನಿ ಮೇಷ್ಟ್ರೇ. ಹೆಣ್ಣು ನೋಡೋಕೆ ಬಂದ ದಿನ ಆ ಹುಡುಗ ಹೇಮಾಳ ಪುಸ್ತಕದ ಕಪಾಟಿನ ಮುಂದೆ ನಿಂತು, ಕತೆ ಓದೋದು ಕೆಲಸವಿಲ್ಲದವರ ಕೆಲಸ, ಮದುವೆಯಾದ ಮೇಲೆ ಇದನ್ನೆಲ್ಲ ಯಾರಿಗಾದರೂ ಕೊಟ್ಟುಬಿಡಬಹುದು ಅಂದ. ನಗ್ತಾ ಅಂದ. ಹೇಮಾಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅವಳಿಗೆ ಟೀಚರ್ ಟ್ರೈನಿಂಗ್‌ಗೆ ಹೋಗಬೇಕಿತ್ತು. ಅಪ್ಪನ ಮುಂದೆ ಬೇಡ ಅನ್ನೋ ಹಾಗಿರಲಿಲ್ಲ. ಬೆಳಿಗ್ಗೆ ಹೂವು ತರ್ತೀನಿ ಅಂತ ಹೊರಟು ಸೀದಾ ಆ ಅತ್ತೆ ಇದ್ದ ಮನೆಗೆ ಹೋದಳು. ಅಮ್ಮಾ, ಹೇಗಾದರೂ ಮಾಡಿ ನಿಮ್ಮ ಕಡೆಯಿಂದಲೇ ಬೇಡ ಅನ್ನಿಸಿ ಅಂತ ಕಾಲು ಹಿಡಿದಳು. ಆಯಮ್ಮ ಚಿಕ್ಕ ವಯಸ್ಸಿಗೇ ಗಂಡನ್ನ ಕಳಕೊಂಡು, ಓದೋ ಆಸೆ ಇದ್ದೂ ಓದದೆ ಇದ್ದವರು. ಅವಳ ಮುಖ ನೋಡಿ, ಆಯ್ತು ಏಳು ಅಂದರು. ಆದರೆ ವಿಚಾರಿಸದೆ ಹಾಗೇ ಹೋದರೆ ಯಾರಿಗಾದರೂ ಅನುಮಾನ ಬರುತ್ತೆ, ಪಕ್ಕದ ಮನೆಗೆ ಹೋಗಿ ಕೂತು ಬರ್ತೀನಿ ಅಂದರು."

ನನಗೆ ಮೊದಲು ಹೊಳೆದದ್ದು, ಮಂದಾ ನನ್ನನ್ನು ಉಳಿಸುತ್ತಿದ್ದಾಳೆ ಎಂದು. ಇವಳಿಗೆ ಎಲ್ಲ ಗೊತ್ತಾಗಿದೆ. ಗೊತ್ತಾಗಿ, ನನ್ನ ಮೇಲಿನ ಕನಿಕರಕ್ಕೆ, ಇಷ್ಟು ಜನರ ಮುಂದೆ ನಿಂತು ಒಂದು ಒಳ್ಳೆಯ ಕತೆ ಕಟ್ಟುತ್ತಿದ್ದಾಳೆ. ಕತೆ ಕಟ್ಟುವುದನ್ನು ನಾವು ಅಲ್ಲಿ ಕಲಿತಿದ್ದೆವಲ್ಲ. ಆ ಕನಿಕರ ನನಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಫಾಲಾಕ್ಷಯ್ಯನವರು ತಡೆದರು. "ಅದೆಲ್ಲ ಸರಿ ತಾಯಿ. ಮಜ್ಜಿಗೆ ಅರ್ಧಕ್ಕೆ ಬಿಟ್ಟು ಎದ್ದರಲ್ಲ, ಆ ಮೌನ ಅವರಿಗೆ ನಾಟಿದ್ದಕ್ಕೇ ಅಲ್ಲವೇ?"

ಮಂದಾ ಅವರ ಕಡೆ ತಿರುಗಿದಳು. ಮುಖ ಗಂಭೀರವಾಗಿಯೇ ಇತ್ತು, ಆದರೆ ಅವಳ ಕೆಳದುಟಿ ಒಂದು ಕಡೆ ಎಳೆದುಕೊಂಡಿತ್ತು. ಶಾಲೆಯ ದಿನಗಳಲ್ಲಿ ನಗು ತಡೆಯುವಾಗ ಹಾಗಾಗುತ್ತಿತ್ತು.

"ಇಲ್ಲ ಫಾಲಾಕ್ಷಯ್ಯನವರೇ. ಅದಕ್ಕೆ ಉಪ್ಪು ವಿಪರೀತ ಆಗಿತ್ತು. ಮಾರನೇ ದಿನ ಬಸ್ಸಿಗೆ ಹೋಗೋವಾಗ ಆ ಅತ್ತೆ ಹೂವಿನಂಗಡಿ ಮುಂದೆ ಹೇಮಾಗೆ ಸಿಕ್ಕಿ ಹೇಳಿದರು. ಪಾಪ, ಆ ಹುಡುಗಿ ಒಳ್ಳೆಯವಳು ಕಣಮ್ಮ, ನಿನ್ನ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ, ಗಾಬರಿಗೆ ಎರಡು ಸಲ ಉಪ್ಪು ಸುರಿದಳೋ ಏನೋ, ಗಂಟಲಲ್ಲಿ ಇಳೀಲಿಲ್ಲ, ಅಂತ."

ಉಪ್ಪಿನ ಮಾತನ್ನು ನಾನು ಕತೆಯಲ್ಲಿ ಬರೆದಿರಲಿಲ್ಲ. ಬರೆಯಲು ನೆನಪೇ ಇರಲಿಲ್ಲ. ಮಂದಾ ಹೇಳಿದ ಮೇಲೆ ನೆನಪಾಯಿತು. ಆ ದಿನ ಸಂಡಿಗೆ ಹಾಕಿ ಮುಗಿಸಿ ಒಳಗೆ ಬಂದ ಅಮ್ಮ ಬಾಯಾರಿ, ಅದೇ ಪಾತ್ರೆಯಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಹಿತ್ತಲಿಗೆ ಓಡಿ ಉಗಿದಿದ್ದಳು. "ಇದೇನೇ, ಉಪ್ಪಿನಕಾಯಿ ಜಾಡಿ ತೊಳೆದ ನೀರಾ?" ಎಂದು ಕೇಳಿದ್ದಳು. ಅಮ್ಮ ಹೋಗಿ ಹದಿನೆಂಟು ವರ್ಷ ಆಗಿತ್ತು. ಅದನ್ನು ಬಲ್ಲವಳು ನಾನೊಬ್ಬಳೇ ಉಳಿದಿದ್ದೆ, ಆ ಅತ್ತೆಯೊಬ್ಬರನ್ನು ಬಿಟ್ಟರೆ. ಮಂದಾ ಕತೆ ಕಟ್ಟುತ್ತಿರಲಿಲ್ಲ.

ನನ್ನ ಎದೆಯಿಂದ ಏನೋ ಇಳಿದು ಹೋಯಿತು. ಅಳು ಬರುತ್ತದೆಂದುಕೊಂಡೆ, ಬರಲಿಲ್ಲ, ಹಸಿವಾಯಿತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಎಂಬುದು ಆಗ ತಿಳಿಯಿತು.

ಮಂದಾ ಇನ್ನೂ ನಿಂತಿದ್ದಳು. ಈಗ ಅವಳ ದನಿ ಸ್ವಲ್ಪ ಇಳಿದಿತ್ತು. "ಇನ್ನೊಂದು ಮಾತಿದೆ. ಹೇಮಾಳದ್ದೂ ಒಂದು ತಪ್ಪಿದೆ. ಅವಳ ಅಪ್ಪ ಪಕ್ಕದ ಮನೆಯವರೇ ಏನೋ ಹಚ್ಚಿಕೊಟ್ಟರು ಅಂತ ಕೂಗಾಡಿದಾಗ, ಮೂರು ವರ್ಷ ಅವರ ಮುಖ ನೋಡದೆ ಇದ್ದಾಗ, ಹೇಮಾ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಟ್ರೈನಿಂಗ್ ನಿಲ್ಲುತ್ತಿತ್ತು. ಗೆಳತಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ, ಆ ಗೆಳತಿಯ ಮುಖದಲ್ಲಿ ಯಾವ ಗುಟ್ಟೂ ಒಂದು ಗಂಟೆ ನಿಲ್ಲುತ್ತಿರಲಿಲ್ಲ. ಆಮೇಲೆ ಅಪ್ಪ ಹೋದರು, ಇಷ್ಟು ವರ್ಷ ಆದ ಮೇಲೆ ಈಗೇನು ಅನ್ನಿಸಿತು. ಪಕ್ಕದ ಮನೆಯ ಯಜಮಾನರು ತಪ್ಪಿಲ್ಲದೆ ಮಾತು ಕೇಳಿಸಿಕೊಂಡು ತೀರಿಕೊಂಡರು. ಅದು ಹೇಮಾಗೆ ಈಗಲೂ ಚುಚ್ಚುತ್ತೆ. ಇಬ್ಬರೂ ಬಯಸಿದ್ದು ಒಂದೇ ಮೇಷ್ಟ್ರೇ, ಆ ಸಂಬಂಧ ತಪ್ಪಲಿ ಅಂತ. ಗೋಡೆಯ ಈ ಕಡೆ ಒಬ್ಬಳು, ಆ ಕಡೆ ಒಬ್ಬಳು ಕೂತು ಅದಕ್ಕೇ ಅತ್ತರು." ಅಷ್ಟು ಹೇಳಿ ಕೂತುಕೊಂಡಳು. ಕೂರುವಾಗ ಅವಳ ಮೊಣಕೈ ನನ್ನ ಮೊಣಕೈಗೆ ತಾಗಿತು. ತೆಗೆಯಲಿಲ್ಲ.

ನನ್ನ ಅಪ್ಪನ ವಿಷಯ ಕೇಳಿ ನನಗೆ ಒಂದು ಗಳಿಗೆ ಸಿಟ್ಟು ಬಂದದ್ದು ಸುಳ್ಳಲ್ಲ. ಹಿತ್ತಲ ಬೇಲಿಯ ಹತ್ತಿರ ನಿಂತು, ಆಚೆಯವರು ಮುಖ ತಿರುಗಿಸಿದಾಗ ಸುಮ್ಮನೆ ಒಳಗೆ ಬರುತ್ತಿದ್ದ ಅಪ್ಪ ಕಣ್ಣಿಗೆ ಬಂದರು. ಆದರೆ ಮೂವತ್ತೊಂದು ವರ್ಷ ನಾನು ಹೊತ್ತದ್ದನ್ನು ಅವಳೂ ಬೇರೆ ಥರ ಹೊತ್ತಿದ್ದಳು. ಸಿಟ್ಟು ನಿಲ್ಲಲಿಲ್ಲ.

"ಮುಕ್ತಾಯ ಯಾರಿಗೆ ಬಂದಿದೆ?" ಮೇಷ್ಟ್ರು ಕೇಳಿದರು. ಕೇಳುವಾಗ ನನ್ನ ಕಡೆಗೇ ನೋಡುತ್ತಿದ್ದರು. ನನ್ನ ಕೈಬರಹ ಅವರಿಗೆ ಗೊತ್ತಿದ್ದೇ ಇತ್ತು.

ನಾನು ಎದ್ದೆ. ಮುಕ್ತಾಯದ ಬಗ್ಗೆ ಹೇಳಬೇಕಾದದ್ದೆಲ್ಲ ಮೇಷ್ಟ್ರು ಕಲಿಸಿದ್ದರು: ಮುಚ್ಚಿದ ಮುಕ್ತಾಯ, ತೆರೆದ ಮುಕ್ತಾಯ, ಅನಿರೀಕ್ಷಿತ ಮುಕ್ತಾಯ. ಅದೆಲ್ಲ ಬಿಟ್ಟು ನಾನು ಮಂದಾಳ ಕಡೆ ತಿರುಗಿದೆ.

"ಅಷ್ಟೊಂದು ಹಾಕಿದ್ದೆನಾ ಉಪ್ಪು?" ಎಂದು ಕೇಳಿಬಿಟ್ಟೆ.

ರತ್ನಪ್ರಭಾಳಿಗೆ ಮೊದಲು ಅರ್ಥವಾಗಿರಬೇಕು. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಫಾಲಾಕ್ಷಯ್ಯನವರು ನನ್ನನ್ನು, ಮಂದಾಳನ್ನು, ಮತ್ತೆ ನನ್ನನ್ನು ನೋಡಿ, "ಅಂದರೆ ಆ ಕರಿಬೇವು..." ಎಂದು ಶುರು ಮಾಡಿದರು.

"ವಾಸನೆಗೆ" ಎಂದೆ.

ಮಂದಾ ತಡೆಯಲಾರದೆ ನಕ್ಕಳು. ನಗುತ್ತಾ ಕಣ್ಣು ಒರೆಸಿಕೊಂಡಳು. ಮೇಷ್ಟ್ರು ಮಾತ್ರ ಮುಖ ಸಡಿಲಿಸಲಿಲ್ಲ. ಹಾಳೆಗಳನ್ನು ಸರಿಯಾಗಿ ಜೋಡಿಸಿ, ಮಡಚಿ, ಕೋಟಿನ ಜೇಬಿಗೆ ಇಟ್ಟುಕೊಂಡು, "ನಿಯಮ ಮುರಿದಿದೆ" ಎಂದರು. "ನಿರೂಪಕಿಯನ್ನೂ ಲೇಖಕಿಯನ್ನೂ ಒಂದು ಮಾಡಿದ್ದೀರಿ. ಮುಂದಿನ ಸಲ ನೀವು ಕುಡಿಯುವುದಕ್ಕೆ ತರಬೇಕು. ಏನು ಅಂತ ನಾನು ಹೇಳಬೇಕಾಗಿಲ್ಲ." ಆಮೇಲೆ ಬಾಗಿಲ ತನಕ ಹೋಗಿ ತಿರುಗಿ ನಿಂತು ಹೇಳಿದರು, "ದೃಷ್ಟಿಕೋನದ ಬಗ್ಗೆ ನಲವತ್ತು ವರ್ಷ ಪಾಠ ಮಾಡಿದ್ದೇನಮ್ಮ. ಇವತ್ತಿನಷ್ಟು ಚೆನ್ನಾಗಿ ಯಾವತ್ತೂ ಮಾಡಿರಲಿಲ್ಲ."

ನಾವಿಬ್ಬರೂ ಮನೆಯ ಕಡೆ ನಡೆದೆವು. ಅವಳ ಮನೆಯ ಗೇಟಿನ ಹತ್ತಿರ ಮಂದಾ ನಿಂತಳು. ಎಂದಿನಂತೆ ಕೇಳುತ್ತಾಳೆಂದು ನಾನು ಕಾದೆ. ಅವಳು ಕೇಳಲಿಲ್ಲ, ಚಿಲಕ ತೆಗೆದು ಗೇಟನ್ನು ಅಗಲಕ್ಕೆ ತಳ್ಳಿ ನಿಂತಳು, ಅಷ್ಟೆ.

"ಮಂಚ ಕಿಟಕಿಯ ಹತ್ತಿರ ಬೇಡ" ಎಂದೆ. "ಬೆಳಿಗ್ಗೆ ಬಿಸಿಲು ಮುಖಕ್ಕೆ ಹೊಡೆಯುತ್ತೆ."

"ಅದನ್ನ ಇಷ್ಟು ದಿನ ಬಾಯಿಬಿಟ್ಟು ಹೇಳೋದಕ್ಕೇನಾಗಿತ್ತು?" ಎಂದಳು ಮಂದಾ.

ಹದಿನೈದು ದಿನದ ಹೊತ್ತಿಗೆ ನನ್ನ ಸಾಮಾನೆಲ್ಲ ಅವಳ ಮಹಡಿಯಲ್ಲಿತ್ತು. ಆ ಭಾನುವಾರ ಮಜ್ಜಿಗೆ ಕಡೆದದ್ದು ಅವಳ ಅಡುಗೆಮನೆಯಲ್ಲೇ. ಉಪ್ಪು ಹಾಕುವಾಗ ಅವಳು ಪಕ್ಕದಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ವಾಚನಾಲಯಕ್ಕೆ ಹೊರಡುವ ಮುಂಚೆ ಮೊದಲನೆಯ ಲೋಟವನ್ನು ಅವಳಿಗೇ ಕೊಟ್ಟೆ. ಅವಳು ಅದನ್ನು ಎತ್ತಿಕೊಂಡು ಹೊರಗೆ ಜಗಲಿಗೆ ಬಂದು ಕೂತಳು. ಒಂದು ಕರಿಬೇವಿನ ಎಲೆ ಅದರಲ್ಲಿತ್ತು. ಎಲೆಯನ್ನು ಬೆರಳಿನಿಂದ ಬದಿಗೆ ಸರಿಸಿ, ಗಟಗಟ ಕುಡಿದಳು, ನಿಲ್ಲಿಸದೆ. ಕುಡಿದು ಮುಗಿಸಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಲೋಟವನ್ನು ಜಗಲಿಯ ಅಂಚಿನಲ್ಲಿ ಬೋರಲು ಹಾಕಿದಳು.